ಸುರ್ಬರಾನ್‌ನ ‘ಸಂತ ಸೆರಾಪಿಯೊನ್’ ಹುತಾತ್ಮನ ಚಿತ್ರವಾದರೂ ಅದರಲ್ಲಿ ರಕ್ತವೇಕೆ ಕಾಣುವುದಿಲ್ಲ?

ಸ್ಪೇನಿನ ಬರೋಕ್ ಶೈಲಿಯ ಚಿತ್ರಕಾರ ಫ್ರಾನ್ಸಿಸ್ಕೊ ದೆ ಸುರ್ಬರಾನ್ 1628ರಲ್ಲಿ ಈ ತೈಲಚಿತ್ರವನ್ನು ಬರೆದದ್ದು ಸೆವಿಲ್ ನಗರದ ಮರ್ಸಿಡೇರಿಯನ್ ಎಂಬ ಕ್ರೈಸ್ತ ಸನ್ಯಾಸಿ ಪಂಥದ ಮಠಕ್ಕಾಗಿ. ಅದರಲ್ಲೂ, ತೀರಿಕೊಂಡ ಸನ್ಯಾಸಿಗಳ ದೇಹವನ್ನು ಸಮಾಧಿಗೆ ಮುನ್ನ ಇರಿಸುತ್ತಿದ್ದ ಕೋಣೆಗಾಗಿ. ಸೆರೆಯಾಳುಗಳನ್ನು ಬಿಡಿಸಲು ಅಗತ್ಯ ಬಿದ್ದರೆ ತಮ್ಮನ್ನೇ ಒತ್ತೆಯಿಡುವುದಾಗಿ ವ್ರತ ತೊಟ್ಟಿದ್ದ ಈ ಪಂಥದವರಿಗೆ, 13ನೆಯ ಶತಮಾನದಲ್ಲಿ ಚಿತ್ರಹಿಂಸೆಗೆ ಬಲಿಯಾದ ಸೆರಾಪಿಯೊನ್ ಪರಕೀಯನಲ್ಲ, ತಮ್ಮವನೇ ಆದ ಸನ್ಯಾಸಿ. ಅಂಥ ಕೋಣೆಗೆ ಬೇಕಿದ್ದದ್ದು ಕೊಲೆಯ ಭೀಕರತೆಯಲ್ಲ, ಅದೆಲ್ಲ ಮುಗಿದ ಮೇಲೆ ಉಳಿಯುವ ಮೌನ ಎಂದು ನಾನು ತಿಳಿದಿದ್ದೇನೆ.

ಆ ಮೌನವನ್ನು ಕಲಾವಿದ ಬಟ್ಟೆಯಲ್ಲಿ ಹಿಡಿದಿಟ್ಟಿದ್ದಾನೆ. ಹಗ್ಗದಿಂದ ಬಿಗಿದ ಕೈಗಳು ಮೇಲಕ್ಕೆ ಎಳೆಯಲ್ಪಟ್ಟಿವೆ, ತಲೆ ಹೆಗಲಿನ ಮೇಲೆ ಒರಗಿದೆ, ಬಾಯಿ ತುಸು ತೆರೆದಿದೆ. ಉಳಿದ ದೇಹವನ್ನೆಲ್ಲ, ಅದರ ಗಾಯಗಳನ್ನೂ ಸೇರಿಸಿ, ವಿಶಾಲವಾದ ಬಿಳಿ ನಿಲುವಂಗಿ ಮುಚ್ಚಿದೆ. ಕತ್ತಲ ಹಿನ್ನೆಲೆಯಿಂದ ಎದ್ದು ಬರುವ ಅದರ ಆಳವಾದ ಮಡಿಕೆಗಳನ್ನು ನಿಧಾನವಾಗಿ ನೋಡುತ್ತ ಹೋದರೆ, ಒಳಗಿನ ಜೀವವಿಲ್ಲದ ದೇಹ ಎಷ್ಟು ಭಾರವಾಗಿ ಜೋತುಬಿದ್ದಿದೆ ಎಂಬುದು ಅರಿವಾಗುತ್ತದೆ. ಕೆಂಪು ಬಣ್ಣ ಕಣ್ಣಿಗೆ ಬೀಳುವುದು ಎದೆಯ ಮೇಲಿನ ಪಂಥದ ಪುಟ್ಟ ಲಾಂಛನದಲ್ಲಿ ಮಾತ್ರ. ಬದಿಯಲ್ಲಿ ಗುಂಡುಸೂಜಿಯಿಂದ ಸಿಕ್ಕಿಸಿದಂತೆ ಬರೆದಿರುವ ಕಾಗದದ ಚೂರೊಂದರಲ್ಲಿ ಸಂತನ ಹೆಸರಿದೆ. ಚಿತ್ರವು ಈಗ ಅಮೆರಿಕದ ಹಾರ್ಟ್‌ಫರ್ಡ್‌ನ ವಾಡ್ಸ್‌ವರ್ತ್ ಅಥೀನಿಯಮ್ ಸಂಗ್ರಹಾಲಯದಲ್ಲಿದೆ.