ಓದುಗರ ಪ್ರಶ್ನೆ: ಬಸ್ತರ್ ಸಂತೆಗೆ ಹೋಗ್ಬೇಕು, ಆದ್ರೆ ಮನಸ್ಸಿಗೆ ಕಸಿವಿಸಿ

ಪ್ರಶ್ನೆ: ಫೆಬ್ರವರಿ ಕೊನೇಲಿ ಛತ್ತೀಸ್‌ಗಢದ ಬಸ್ತರ್ ಜಿಲ್ಲೆಯ ಜಗದಲ್‌ಪುರಕ್ಕೆ ಹೊರಟಿದೀವಿ, ನಾನು, ನಮ್ಮನೆಯವ್ರು, ಅತ್ತೆ. ಕಾಂಗೇರ್ ಕಣಿವೆ ನ್ಯಾಷನಲ್ ಪಾರ್ಕು, ತೀರಥ್‌ಗಢ ಫಾಲ್ಸು ನೋಡೋ ಪ್ಲಾನು. ಅಲ್ಲಿನ ಆದಿವಾಸಿಗಳ ವಾರದ ಸಂತೆಗೂ ಹೋಗಿ ಅಂತಾರೆ. ಆದ್ರೆ ಮನುಷ್ಯರನ್ನ ಝೂನಲ್ಲಿ ನೋಡ್ದಂಗೆ ನೋಡ್ಕೊಂಡ್ ಬರೋದು ಸರಿನಾ ಅನ್ಸುತ್ತೆ. ಏನ್ಮಾಡ್ಲಿ?
– ಓದುಗರು, ತೀರ್ಥಹಳ್ಳಿ

ಉತ್ತರ: ಅಮ್ಮ, ನಿಮಗೆ ಆ ಕಸಿವಿಸಿ ಆಗಿದೆಯಲ್ಲ, ಅಷ್ಟು ಸಾಕು, ಧೈರ್ಯವಾಗಿ ಹೋಗಿ. ಒಂದೇ ಮಾತು, ನೋಡೋಕೆ ಹೋಗ್ಬೇಡಿ, ಸಂತೆ ಮಾಡೋಕೆ ಹೋಗಿ. ನಿಮ್ಮೂರ ಸಂತೆಗೆ ಹೆಂಗೆ ಚೀಲ ಹಿಡ್ಕೊಂಡು, ಚಿಲ್ಲರೆ ಗಂಟು ಹಾಕ್ಕೊಂಡು ಹೋಗ್ತೀರೋ ಹಂಗೆ. ಫೆಬ್ರವರಿ ಕೊನೆ ಅಂದ್ರೆ ಹುಣಸೆಹಣ್ಣು ಬರೋ ಕಾಲ, ಒಂದೆರಡು ಕೆಜಿ ಹುಣಸೆ ಕೊಂಡ್ಕೊಳಿ, ಮನೇಲಿ ಸಾರಿಗೆ ಬೇಕೇ ಬೇಕಲ್ಲ. ಕೊಳ್ಳೋಕೆ ಕೂತವ್ರ ಜೊತೆ ಮಾತು ತಾನಾಗೇ ಹುಟ್ಟುತ್ತೆ, ನೋಡೋಕೆ ನಿಂತವ್ರ ಜೊತೆ ಯಾರೂ ಮಾತಾಡಲ್ಲ.

ದಿನ ಹೇಳ್ಬಿಡ್ತೀನಿ. ಸೋಮವಾರ ತೋಕಾಪಾಲ್, ಬುಧವಾರ ದರ್ಭಾ, ಶುಕ್ರವಾರ ಲೋಹಂಡಿಗುಡಾ. ನಿಮಗೆ ದರ್ಭಾ ಅನುಕೂಲ, ಪಾರ್ಕಿಗೆ ಹೋಗೋ ಸುಕ್ಮಾ ರಸ್ತೇಲೇ ಇದೆ. ಬೆಳಿಗ್ಗೆ ಬೇಗ ಹೋಗಿ ಪ್ರಯೋಜನ ಇಲ್ಲ, ಜನ ಕಾಡಿನ ಹಳ್ಳಿಗಳಿಂದ ನಡ್ಕೊಂಡು ಬಂದು ಸೇರೋ ಹೊತ್ತಿಗೆ ಹನ್ನೊಂದಾಗುತ್ತೆ, ಮಧ್ಯಾಹ್ನ ಜೋರು, ಕತ್ತಲಾಗೋಕೆ ಮುಂಚೆ ಮನೆ ಸೇರ್ಬೇಕಲ್ಲ ಅದಕ್ಕೆ ನಾಲ್ಕರ ಮೇಲೆ ಖಾಲಿ.

ಅಲ್ಲಿ ನಾನು ಕಂಡಿದ್ದೊಂದು ಇನ್ನೂ ಮನಸ್ಸಲ್ಲಿ ಕೂತಿದೆ. ಸಂತೆ ಮೈದಾನಕ್ಕಿಂತ ಮುಂಚೆ ರಸ್ತೆ ತಿರುವಿನಲ್ಲೇ ಇಬ್ಬರು ತಕ್ಕಡಿ ಇಟ್ಕೊಂಡು ನಿಂತಿದ್ರು, ಇಂಥ ದಲ್ಲಾಳಿಗಳಿಗೆ ಅಲ್ಲಿ ಕೋಚಿಯಾ ಅಂತಾರೆ. ಒಬ್ಬ ಅಜ್ಜಿ ತಲೆ ಮೇಲೆ ಹುಣಸೆ ಬುಟ್ಟಿ ಹೊತ್ಕೊಂಡು ಬರ್ತಿದ್ದಾಗ ಒಬ್ಬ ಕೈ ಹಾಕಿ ಬುಟ್ಟಿ ಇಳಿಸ್ಕೊಂಡೇ ಬಿಟ್ಟ, ತೂಗಿ, ನೋಟು ಕೈಗಿಟ್ಟ, ಅಜ್ಜಿ ರೇಟು ಕೇಳೋಷ್ಟರಲ್ಲಿ ಹುಣಸೆ ಗೋಣಿಚೀಲದೊಳಗೆ ಹೋಗಿತ್ತು. ವಾರಗಟ್ಟಲೆ ಆಯ್ದು, ನಾರು ತೆಗೆದು, ಒಣಗಿಸಿದ ಮಾಲು ಸಂತೆ ಒಳಗೂ ಕಾಲಿಡಲಿಲ್ಲ. ಹಿಂದಿನ ಕಾಲದಲ್ಲಿ ಉಪ್ಪು ಅಳೆದು ಕೊಟ್ಟು ಅಷ್ಟೇ ಅಳತೆ, ಸಿಹಿತಿಂಡಿಗೆ ಹಾಕೋ ದುಬಾರಿ ಚಿರೋಂಜಿ ಬೀಜ ತಗೊಂಡು ಹೋಗ್ತಿದ್ದರು ವ್ಯಾಪಾರಿಗಳು, ಚಿರೋಂಜಿ ಬೆಲೆ ಗೊತ್ತಿದ್ದವರಿಗೆ ಹೊಟ್ಟೆ ಉರಿಯುತ್ತೆ. ಅದಕ್ಕೇ ಹೇಳೋದು, ನೆಲದ ಮೇಲೆ ಕೂತಿರೋ ಹೆಂಗಸರ ಹತ್ರನೇ ತಗೊಳಿ, ದಯವಿಟ್ಟು ಚೌಕಾಸಿ ಮಾಡ್ಬೇಡಿ.

ನಿಮ್ಮತ್ತೆಗೆ ಒಂದು ಜಾಗ ಖಂಡಿತ ಇಷ್ಟ ಆಗುತ್ತೆ. ಎಲೆ ದೊನ್ನೇಲಿ ಕೆಂಪಿರುವೆ ಇಟ್ಕೊಂಡು ಕೂತಿರ್ತಾರೆ, ಮೊಟ್ಟೆ ಸಮೇತ, ಬಿಳಿ ಅಕ್ಕಿ ಕಾಳು ಚೆಲ್ಲಿದಂಗೆ ಕಾಣುತ್ತೆ. ಅಲ್ಲಿ ಅದಕ್ಕೆ ಚಾಪ್ಡಾ ಅಂತ ಹೆಸರು, ಮೆಣಸಿನಕಾಯಿ ಉಪ್ಪು ಹಾಕಿ ಅರೆದ್ರೆ ಚಟ್ನಿ. ಮಲೆನಾಡಿನವರಿಗೆ ಹೇಳ್ಬೇಕಾ, ನಮ್ಮ ಚಗಳಿ ಚಟ್ನಿನೇ! ಬೇರೆ ಊರಿನ ಟೂರಿಸ್ಟುಗಳು ಮೂಗು ಮುಚ್ಚಿ ಕಿಸಕ್ ಅನ್ನೋ ಕಡೆ ನೀವು ಕೂತು ಅರೆಯೋ ವಿಧಾನ ಕೇಳ್ಬಹುದು. ಹಿಪ್ಪೆ ಹೂವು ಮಾತ್ರ ಈಗ ಸಿಗೋದು ಹೋದ ವರ್ಷ ಒಣಗಿಸಿಟ್ಟಿದ್ದು, ಹೊಸ ಹೂವು ಉದುರೋದು ಮಾರ್ಚ್ ಮಧ್ಯದಿಂದ. ಕೋಳಿ ಅಂಕನೂ ನಡೆಯುತ್ತೆ, ಕಾಲಿಗೆ ಕತ್ತಿ ಕಟ್ತಾರೆ, ನನಗೆ ನೋಡೋಕಾಗಲ್ಲ, ಆ ಕಡೆ ಹೋಗಲ್ಲ.

ಫೋಟೋ ವಿಷಯ. ಕೇಳಿ ತೆಗೀರಿ, ಬೇಡ ಅಂತ ತಲೆ ಆಡಿಸಿದ್ರೆ ಬಿಟ್ಬಿಡಿ, ದುಡ್ಡು ಕೊಟ್ಟು ಒಪ್ಪಿಸ್ಬೇಡಿ. ಅದರಲ್ಲೂ ಹಚ್ಚೆ, ಒಡವೆ ಅಂತ ಮುಖದ ಹತ್ರ ಮೊಬೈಲ್ ಹಿಡಿಯೋದು ತೀರಾ ಕೆಟ್ಟದ್ದು.

ಪ್ರಶ್ನೆ: ಅಲ್ಲಿ ಭಾಷೆ ಯಾವುದು? ಹಿಂದಿ ಬರದಿದ್ರೆ ಕಷ್ಟನಾ?
– ಓದುಗರು, ಹಾವೇರಿ

ಉತ್ತರ: ಸಂತೇಲಿ ಎಲ್ಲರೂ ಆಡೋದು ಹಲ್ಬಿ, ಹಿಂದಿ ಒಂದಷ್ಟು ನಡೆಯುತ್ತೆ. ಆದ್ರೆ ಕಾಂಗೇರ್ ಕಣಿವೆ ಸುತ್ತ ಇರೋ ಧುರ್ವಾ ಜನರ ಮನೆಮಾತು ಪರ್ಜಿ, ಅದು ನಮ್ಮ ಕನ್ನಡದ್ದೇ ಬಳಗ, ದ್ರಾವಿಡ ಭಾಷೆ. ನೀರಿಗೆ ನೀರ್, ಕಣ್ಣಿಗೆ ಕನ್, ಮೀನಿಗೆ ಮೀನಿ. ಅಷ್ಟು ದೂರ ಹೋಗಿ ಒಬ್ಬ ಹುಡುಗಿ ಬಾಯಲ್ಲಿ ‘ನೀರ್’ ಅಂತ ಕೇಳಿದಾಗ ನನಗೆ ರೋಮಾಂಚನ ಆಯ್ತು, ಸುಳ್ಳಲ್ಲ.

ಈ ಧುರ್ವಾ ಜನರ ನೇತಾನಾರ್ ಹಳ್ಳಿಯ ಗುಂಡಾಧುರ್ 1910ರ ಭೂಮ್‌ಕಾಲ್ ದಂಗೆಯ ನಾಯಕ. ಕಾಡನ್ನ ಸರ್ಕಾರ ರಿಸರ್ವ್ ಮಾಡಿ ಬೇಸಾಯಕ್ಕೂ ಸೌದೆಗೂ ಅಡ್ಡಿ ಮಾಡ್ತು ಅಂತ ಎದ್ದ ದಂಗೆ ಅದು, ಊರಿಂದೂರಿಗೆ ಮಾವಿನ ಕೊಂಬೆ, ಮೆಣಸಿನಕಾಯಿ, ಬಾಣ ಕಳಿಸಿ ಸುದ್ದಿ ಮುಟ್ಟಿಸಿದ್ರು. ಮೊದಮೊದಲು ಲೂಟಿ ಆಗಿದ್ದೂ ಪುಸ್ಪಾಲ್ ಅನ್ನೋ ಊರಿನ ಸಂತೆನೇ. ಗುಂಡಾಧುರ್ ಬ್ರಿಟಿಷರ ಕೈಗೆ ಸಿಗಲೇ ಇಲ್ಲ.

ಪ್ರಶ್ನೆ: ಮಾತಾಡೋ ಬೆಟ್ಟದ ಮೈನಾ ಅಲ್ಲಿ ಮಾರ್ತಾರಂತೆ, ಮಗಳಿಗೆ ತರ್ಬಹುದಾ?
– ಓದುಗರು, ಬೆಂಗಳೂರು

ಉತ್ತರ: ಬೇಡ. ಯಾರಾದ್ರೂ ಕೊಡ್ತೀನಿ ಅಂದ್ರೂ ಬೇಡ. ಅದು ಛತ್ತೀಸ್‌ಗಢದ ರಾಜ್ಯಪಕ್ಷಿ, 1972ರ ವನ್ಯಜೀವಿ ಕಾಯ್ದೆ ಪ್ರಕಾರ ಹಿಡಿಯೋದು, ಮಾರೋದು, ಸಾಕೋದು ಎಲ್ಲ ಅಪರಾಧ. 1982ರಲ್ಲಿ ನ್ಯಾಷನಲ್ ಪಾರ್ಕ್ ಆದ, ಬರೀ 200 ಚದರ ಕಿಲೋಮೀಟರಿನ ಕಾಂಗೇರ್ ಕಣಿವೇಲಿ ಅವು ಉಳ್ಕೊಂಡಿರೋದೇ ಪುಣ್ಯ. ಮಗಳನ್ನೇ ಕರ್ಕೊಂಡು ಹೋಗಿ, ಬೆಳ್ಬೆಳಿಗ್ಗೆ ಕಾಡಂಚಿನ ಎತ್ತರದ ಒಣಮರಗಳ ತುದಿ ನೋಡೋಕೆ ಹೇಳಿ, ಕಪ್ಪು ಮೈ, ಕಿತ್ತಳೆ ಕೊಕ್ಕು, ಕಣ್ಣಿನ ಹಿಂದೆ ಹಳದಿ ಪಟ್ಟಿ. ಜೋಡಿಯಾಗಿ ಕೂತಿರ್ತಾವೆ.