ಇಲಿ ಕೆಮ್ಮದಿದ್ದರೂ ಲಸಿಕೆಯ ಪರೀಕ್ಷೆ

ಪ್ರಶ್ನೆ: ಮೊಮ್ಮಗಳಿಗೆ ಡಿಪಿಟಿ (ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು ತಡೆಯುವ ಲಸಿಕೆ) ಬೂಸ್ಟರ್ ಹಾಕಿಸುವಾಗ, ನಾಯಿಕೆಮ್ಮಿನ ಲಸಿಕೆಯ ಶಕ್ತಿಯನ್ನು ಇಲಿಗಳ ಮೇಲೆ ಪರೀಕ್ಷಿಸುತ್ತಾರೆಂದು ನರ್ಸ್ ಹೇಳಿದರು. ಇಲಿಗೆ ನಾಯಿಕೆಮ್ಮು ಬರುತ್ತದೆಯೇ? ಬಾರದಿದ್ದರೆ ಆ ಪರೀಕ್ಷೆಗೆ ಅರ್ಥವೇನು?
– ನಿವೃತ್ತ ಶಿಕ್ಷಕಿ, ದಾವಣಗೆರೆ

ಉತ್ತರ: ಇಲ್ಲ ಮೇಡಂ, ಇಲಿ ಕೆಮ್ಮುವುದಿಲ್ಲ. ರೋಗಾಣುವನ್ನು ಮೂಗಿಗೆ ಬಿಟ್ಟರೆ ಶ್ವಾಸಕೋಶದಲ್ಲಿ ಬೆಳೆಯುತ್ತದೆ, ಆದರೆ ಮಕ್ಕಳಿಗೆ ಬರುವ ಆ ಉಸಿರುಗಟ್ಟುವ ಕೆಮ್ಮು ಬರುವುದಿಲ್ಲ. ಲಸಿಕೆ ಪರೀಕ್ಷಿಸುವ ಪ್ರಯೋಗಾಲಯದಲ್ಲೇ ಸೇವೆ ಮುಗಿಸಿದವನು ನಾನು; ಹೊಸದಾಗಿ ಸೇರಿದ ಹುಡುಗರೆಲ್ಲ ಕೇಳುತ್ತಿದ್ದದ್ದೂ ಇದನ್ನೇ.

1930ರ ದಶಕದಲ್ಲಿ ಅಮೆರಿಕದ ಗ್ರ್ಯಾಂಡ್ ರ್ಯಾಪಿಡ್ಸ್ ಊರಿನಲ್ಲಿ ಪರ್ಲ್ ಕೆಂಡ್ರಿಕ್, ಗ್ರೇಸ್ ಎಲ್ಡರಿಂಗ್ ಎಂಬ ಇಬ್ಬರು ವಿಜ್ಞಾನಿಗಳು ಮನೆಮನೆಗೆ ಹೋಗಿ, ಕೆಮ್ಮುವ ಮಕ್ಕಳ ಬಾಯೆದುರು ತಟ್ಟೆ ಹಿಡಿದು ರೋಗಾಣು ಹಿಡಿದು ತರುತ್ತಿದ್ದರು. ಆ ರೋಗಾಣುವನ್ನು ಕೊಂದು ಲಸಿಕೆ ಮಾಡಿದರು. ಆದರೆ ಒಂದು ಬ್ಯಾಚಿಗೂ ಇನ್ನೊಂದಕ್ಕೂ ಶಕ್ತಿ ಹೆಚ್ಚುಕಡಿಮೆಯಾದರೆ ತಿಳಿಯುವುದು ಹೇಗೆ? ಅದಕ್ಕೆ ಕೆಂಡ್ರಿಕ್ ರೂಪಿಸಿದ್ದೇ ಈ ಇಲಿ ಪರೀಕ್ಷೆ.

ಲಸಿಕೆಯನ್ನು ಬೇರೆ ಬೇರೆ ಪ್ರಮಾಣದಲ್ಲಿ ತೆಳುವಾಗಿಸಿ ಇಲಿಗಳ ಹೊಟ್ಟೆಗೆ ಚುಚ್ಚುತ್ತೇವೆ. ಪಕ್ಕದಲ್ಲಿ ಶಕ್ತಿ ಗೊತ್ತಿರುವ ಮಾದರಿ ಲಸಿಕೆ ಪಡೆದ ಗುಂಪೂ ಇರುತ್ತದೆ. 14 ದಿನ ಕಳೆದ ಮೇಲೆ ಜೀವಂತ ರೋಗಾಣುವನ್ನು ನೇರವಾಗಿ ಮೆದುಳಿಗೆ, ಅರ್ಧ ಹನಿಯಷ್ಟು. ಮತ್ತೆ 14 ದಿನ ಪಂಜರದ ಮುಂದೆ ಹಾಜರಿ, ಯಾವ ಗುಂಪಿನಲ್ಲಿ ಎಷ್ಟು ಇಲಿ ಉಳಿದವು ಎಂದು ಹೋಲಿಸಲು. ಮೊದಲ ಮೂರು ದಿನದಲ್ಲಿ ಸತ್ತವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಅದು ಸೂಜಿಯ ಪೆಟ್ಟು. ಆಮೇಲೆ ರೋಮ ನಿಮಿರಿಸಿ, ಬೆನ್ನು ಗೂನಾಗಿಸಿ ಮೂಲೆ ಸೇರಿದ ಇಲಿ ಕಂಡರೆ ಅದರ ಪಾಡು ಗೊತ್ತಾಗುತ್ತಿತ್ತು. ಕ್ರೂರ ಪರೀಕ್ಷೆ, ಇದು ಬೇಗ ತೊಲಗಲಿ ಎನ್ನುವವರ ಪೈಕಿ ನಾನೂ ಒಬ್ಬ.

ನಾಯಿಕೆಮ್ಮಿಗೂ ಮೆದುಳಿಗೂ ಏನು ಸಂಬಂಧ ಎಂದು ನೀವು ಕೇಳಿಯೇ ಕೇಳುತ್ತೀರಿ. ಹೋಲಿಕೆ ಕಡಿಮೆಯೇ. ಆದರೂ 1950ರ ದಶಕದಲ್ಲಿ ಬ್ರಿಟನ್ನಿನಲ್ಲಿ ಮಕ್ಕಳ ಮೇಲೆ ನಡೆದ ದೊಡ್ಡ ಪ್ರಯೋಗಗಳಲ್ಲಿ, ಇಲಿಯನ್ನು ಚೆನ್ನಾಗಿ ಉಳಿಸಿದ ಲಸಿಕೆಗಳೇ ಮಕ್ಕಳನ್ನೂ ಚೆನ್ನಾಗಿ ಕಾಪಾಡಿದವು. ಪರೀಕ್ಷೆ ಇಷ್ಟು ಕಾಲ ಉಳಿದದ್ದು ಈ ತಾಳೆಯಿಂದ.

ಖಾಸಗಿ ಆಸ್ಪತ್ರೆಗಳ ‘ನೋವಿಲ್ಲದ’ ಲಸಿಕೆಗೆ ಈ ಇಲಿ ಪರೀಕ್ಷೆ ಸರಿಹೊಂದುವುದಿಲ್ಲ. ಅದರಲ್ಲಿರುವುದು ಇಡೀ ರೋಗಾಣುವಲ್ಲ, ಕೆಲವು ಪ್ರೋಟೀನುಗಳು ಮಾತ್ರ. ಅದರ ಗುಟ್ಟು ರಟ್ಟು ಮಾಡಿದ್ದು ಬಬೂನ್ ಕೋತಿ. ಅದು ನಮ್ಮ ಮಕ್ಕಳಂತೆಯೇ ಕೆಮ್ಮುತ್ತದೆ. ಅಮೆರಿಕದ ವಿಜ್ಞಾನಿಗಳು 2014ರಲ್ಲಿ ಪ್ರಕಟಿಸಿದಂತೆ, ಆ ಲಸಿಕೆ ಪಡೆದ ಬಬೂನ್‌ಗಳಿಗೆ ಕಾಯಿಲೆ ಬರಲಿಲ್ಲ, ಆದರೆ ವಾರಗಟ್ಟಲೆ ಗಂಟಲಲ್ಲಿ ರೋಗಾಣು ಇಟ್ಟುಕೊಂಡು ಜೊತೆಯವಕ್ಕೂ ಹರಡಿದವು. ಇಡೀ ರೋಗಾಣುವಿರುವ ಹಳೆಯ ಲಸಿಕೆ ಪಡೆದವು ರೋಗಾಣುವನ್ನು ಅದಕ್ಕಿಂತ ಬೇಗ ಹೊರಹಾಕಿದ್ದವು.

ಸರ್ಕಾರಿ ಡಿಪಿಟಿ ಆ ಹಳೆಯ ಬಗೆಯದೇ. ಹಾಕಿಸಿದ ಮೇಲೆ ಒಂದೆರಡು ದಿನ ಜ್ವರ, ತೊಡೆಯೋ ತೋಳೋ ಊದುವುದು ಸಾಮಾನ್ಯ. ಎರಡನೆಯ ಬೂಸ್ಟರ್ ಐದು–ಆರು ವರ್ಷದಲ್ಲಿದೆ. ತಾಯಿ ಕಾರ್ಡ್ ಜೋಪಾನವಾಗಿಡಿ.