ತರಬೇತಿಗೆ ಬರುತ್ತಾರೆ, ಹೊಲದಲ್ಲಿ ಮಾತ್ರ ಹಳೇ ಪದ್ಧತಿ!

ಪ್ರಶ್ನೆ: ನಮ್ಮ ರೈತ ಗುಂಪಿಗೆ ಆಗಾಗ ತರಬೇತಿ ಕೊಡಿಸುತ್ತೇವೆ. ತಜ್ಞರು ಚೆನ್ನಾಗಿಯೇ ಹೇಳುತ್ತಾರೆ, ಎಲ್ಲರೂ ತಲೆಯಾಡಿಸುತ್ತಾರೆ. ಆಮೇಲೆ ಯಾರೂ ಮಾಡುವುದಿಲ್ಲ. ಪ್ರಗತಿಪರ ರೈತರೊಬ್ಬರ ಜಮೀನು ತೋರಿಸಿದರೂ ಅಷ್ಟೇ. ಎಲ್ಲಿ ತಪ್ಪುತ್ತಿದ್ದೇವೆ?

ಉತ್ತರ: ಆ ಪ್ರಗತಿಪರ ರೈತರಿಗೆ ಜಮೀನು ಎಷ್ಟಿದೆ? ನೀರು? ನಿಮ್ಮ ಸದಸ್ಯರಿಗಿಂತ ಜಾಸ್ತಿ ಇದ್ದರೆ ಉತ್ತರ ಅಲ್ಲೇ ಸಿಕ್ಕಿತು. 'ಅವರಿಗೇನು, ಅನುಕೂಲ ಇದೆ, ಮಾಡ್ತಾರೆ' ಅಂದುಕೊಂಡು ಜನ ವಾಪಸ್ ಬಂದಿರುತ್ತಾರೆ.

ಆಫ್ರಿಕಾದ ಮಲಾವಿಯಲ್ಲಿ ಇದನ್ನೇ ಪರೀಕ್ಷಿಸಿ ನೋಡಿದ್ದಾರೆ. ಗುಂಡಿ ತೋಡಿ ಬಿತ್ತುವ ವಿಧಾನವನ್ನು ಕೆಲವು ಹಳ್ಳಿಗಳಲ್ಲಿ ಕೃಷಿ ಸಿಬ್ಬಂದಿ ಹೇಳಿಕೊಟ್ಟರು, ಕೆಲವು ಕಡೆ ಮುಂದಾಳು ರೈತರು, ಇನ್ನು ಕೆಲವು ಕಡೆ ಎಲ್ಲರಂತೆಯೇ ಇರುವ ಸಾಮಾನ್ಯ ರೈತರು. ಹೆಚ್ಚು ಜನ ಒಪ್ಪಿದ್ದು ಆ ಸಾಮಾನ್ಯ ರೈತರ ಮಾತನ್ನು. ಆದರೆ ಒಂದು ಷರತ್ತು: ಕಲಿಸುವ ಶ್ರಮಕ್ಕೆ ಅವರಿಗೆ ಸಣ್ಣದೊಂದು ಪ್ರತಿಫಲ ಇತ್ತು. ಇದನ್ನು ಬಹಳ ಜನ ಮರೆಯುತ್ತಾರೆ. ತನ್ನ ಕೆಲಸ ಬಿಟ್ಟು ಪಕ್ಕದವನಿಗೆ ಸುಮ್ನೆ ಯಾರು ಕಲಿಸುತ್ತಾರೆ?

ಹಾಗಂತ ತಜ್ಞರು ಬೇಡ ಅಂತಲ್ಲ, ಹೊಸ ಸುದ್ದಿ ತರುವುದಕ್ಕೆ ಹೊರಗಿನವರೂ ಬೇಕು. ಅಮೆರಿಕದ ಅಯೋವಾದಲ್ಲಿ ಹೈಬ್ರಿಡ್ ಮುಸುಕಿನ ಜೋಳ ಹರಡಿದ ಬಗ್ಗೆ 1943ರಲ್ಲಿ ಒಂದು ಅಧ್ಯಯನ ಬಂತು. ಹೊಸ ಬೀಜದ ಸುದ್ದಿ ಹೆಚ್ಚಿನವರಿಗೆ ಮೊದಲು ತಲುಪಿದ್ದು ಬೀಜ ಮಾರುವವರಿಂದ. ಬಿತ್ತುವ ಧೈರ್ಯ ಬಂದದ್ದು ಮಾತ್ರ ನೆರೆಯವರನ್ನು ನೋಡಿ. ಅದೂ ಒಮ್ಮೆಲೇ ಇಡೀ ಜಮೀನಿಗಲ್ಲ, ಮೊದಲು ಒಂದು ಮೂಲೆಯಲ್ಲಿ. ನಿಮ್ಮವರಿಂದಲೂ ಅಷ್ಟನ್ನೇ ಕೇಳಿ. ಕೆಟ್ಟರೂ ಮನೆಯ ಊಟಕ್ಕೆ ತೊಂದರೆಯಾಗದಷ್ಟು ಜಾಗ ಸಾಕು.

ಪಕ್ಕದ ಹೊಲ ನೋಡಿ ಕಲಿಯುವುದಕ್ಕೂ ಮಿತಿ ಇದೆ. ಬೆಳೆ ಎತ್ತರ ಬಂದದ್ದು ಬೇಲಿಯಾಚೆಯಿಂದ ಕಾಣುತ್ತದೆ. ಬೀಜೋಪಚಾರ ಮಾಡಿದ್ದು, ಗೊಬ್ಬರ ಎಷ್ಟು ಹಾಕಿದ್ದು, ಮಣ್ಣು ಬೇರೆ ಇರುವುದು ಕಾಣುವುದಿಲ್ಲ. ತಜ್ಞರನ್ನು ಇಂಥದ್ದಕ್ಕೇ ಕರೆಸಿ, ಭಾಷಣಕ್ಕಲ್ಲ. ಇಂಡೊನೇಷ್ಯಾದಲ್ಲಿ 1989ರಲ್ಲಿ ಶುರುವಾದ ರೈತ ಕ್ಷೇತ್ರ ಪಾಠಶಾಲೆಗಳು ಇದಕ್ಕೆ ಒಳ್ಳೆಯ ಮಾದರಿ. ಅಲ್ಲಿ ಭತ್ತಕ್ಕೆ ಕಂದು ಜಿಗಿಹುಳುವಿನ ಕಾಟ ವಿಪರೀತವಾಗಿತ್ತು. ಔಷಧಿ ಹೊಡೆದಷ್ಟೂ ಜಿಗಿಹುಳುವನ್ನು ತಿನ್ನುವ ಜೇಡಗಳು ಸಾಯುತ್ತಿದ್ದವು, ಹುಳು ಮತ್ತೆ ಹೆಚ್ಚುತ್ತಿತ್ತು. ರೈತರು ಹಂಗಾಮಿಡೀ ವಾರಕ್ಕೊಮ್ಮೆ ಗದ್ದೆಯಲ್ಲೇ ಸೇರಿದರು. ಹುಳು ಎಷ್ಟು, ಜೇಡ ಎಷ್ಟು ಅಂತ ತಾವೇ ಎಣಿಸಿ, ಔಷಧಿ ಬೇಕೋ ಬೇಡವೋ ಅಂತ ಅಲ್ಲೇ ಚರ್ಚೆ ಮಾಡಿದರು. ಜೊತೆಗಿದ್ದ ತರಬೇತುದಾರರ ಕೆಲಸ ಉತ್ತರ ಹೇಳುವುದಲ್ಲ, ಪ್ರಶ್ನೆ ಕೇಳುವುದಾಗಿತ್ತು.

ಹಾಗಾಗಿ ಈ ಸಲ ಮಾದರಿ ರೈತರನ್ನು ನೀವು ಆರಿಸಬೇಡಿ. 'ಯಾರು ಮಾಡಿ ತೋರಿಸಿದರೆ ನಂಬುತ್ತೀರಿ?' ಅಂತ ಸದಸ್ಯರನ್ನೇ ಕೇಳಿ. ಒಬ್ಬರೇ ಬೇಡ, ಮೂರ್ನಾಲ್ಕು ಜನ ಇರಲಿ, ಮಹಿಳೆಯರೂ ಇರಲಿ. ಒಬ್ಬರ ಬೆಳೆ ಕೈಕೊಟ್ಟರೆ ಮುಚ್ಚಿಡಬೇಡಿ, ಅದನ್ನೂ ಕರೆದು ತೋರಿಸಿ. ಇನ್ನೊಂದು ಮಾತು. ಹೊಲದ ಭೇಟಿಯನ್ನು ಕಟಾವಿನ ದಿನಕ್ಕೆ ಮಾತ್ರ ಇಡಬೇಡಿ, ಕಳೆ ತೆಗೆಯುವಾಗಲೂ ಕರೆಯಿರಿ. ಕೂಲಿ ಎಷ್ಟಾಯಿತು ಎನ್ನುವ ಪ್ರಶ್ನೆ ಏಳುವುದೇ ಆಗ.